ಮಕ್ಕಳ ಸೇವೆಗೊಬ್ಬ ನಿರ್ದೇಶಕ: ಇಂಗ್ಲೆಂಡಿನ ಕೌನ್ಸಿಲ್‌ಗಳು ಆರಿಸುವ ಬಗೆ

ಕೌಂಟಿ ಕೌನ್ಸಿಲ್ ಇರಲಿ, ಲಂಡನ್ನಿನ ಬರೋ ಇರಲಿ, ಇಂಗ್ಲೆಂಡಿನಲ್ಲಿ ಮಕ್ಕಳ ಹೊಣೆ ಹೊತ್ತ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ‘ಡೈರೆಕ್ಟರ್ ಆಫ್ ಚಿಲ್ಡ್ರನ್ಸ್ ಸರ್ವಿಸಸ್’ ಎಂಬ ಹುದ್ದೆ ಇರಲೇಬೇಕು. 2004ರ ಮಕ್ಕಳ ಕಾಯ್ದೆಯ 18ನೇ ಕಲಮಿನ ಕಟ್ಟಳೆ ಇದು. ಶಾಲಾ ಶಿಕ್ಷಣ, ವಿಶೇಷ ಅಗತ್ಯವಿರುವ ಮಕ್ಕಳ ನೆರವು, ಹಿಂಸೆಗೆ ಸಿಕ್ಕವರ ರಕ್ಷಣೆ, ಹೆತ್ತವರ ಬಳಿ ಇರಲಾಗದ ಮಕ್ಕಳ ಪಾಲನೆ ಎಲ್ಲಕ್ಕೂ ಇವರೇ ಉತ್ತರ ಕೊಡಬೇಕು.

ಈ ಹುದ್ದೆಯ ಹಿಂದೆ ಒಂದು ಸಾವಿದೆ. ಐವರಿ ಕೋಸ್ಟಿನಿಂದ ಬಂದಿದ್ದ 8 ವರ್ಷದ ವಿಕ್ಟೋರಿಯಾ ಕ್ಲಿಂಬಿ 2000ದ ಫೆಬ್ರವರಿಯಲ್ಲಿ, ಲಂಡನ್ನಿನಲ್ಲಿ, ತನ್ನನ್ನು ಸಾಕುತ್ತಿದ್ದ ಸಂಬಂಧಿಕಳು ಮತ್ತು ಆಕೆಯ ಸಂಗಾತಿಯ ಚಿತ್ರಹಿಂಸೆಯಿಂದ ತೀರಿಕೊಂಡಳು. ಆಸ್ಪತ್ರೆ, ಪೊಲೀಸ್, ಹಲವು ಬರೋಗಳ ಸಮಾಜಸೇವಾ ವಿಭಾಗ ಎಲ್ಲರೂ ಆ ಮಗುವನ್ನು ಬಲ್ಲವರೇ. ಅವಳನ್ನು ಉಳಿಸಲು 12 ಅವಕಾಶಗಳಾದರೂ ಇದ್ದವೆಂದು ಲಾರ್ಡ್ ಲೇಮಿಂಗ್ ಅವರ ವಿಚಾರಣಾ ವರದಿ 2003ರಲ್ಲಿ ಹೇಳಿತು. ಕೆಳಹಂತದ ನೌಕರರಿಗಿಂತ ಮೇಲಿನವರ ಹೊಣೆಗೇಡಿತನವನ್ನು ಅದು ಕಟುವಾಗಿ ಟೀಕಿಸಿತು. ಹೊಣೆ ಹಲವರಲ್ಲಿ ಹಂಚಿಹೋಗದೆ ಒಬ್ಬರ ಹೆಸರಿಗೆ ಅಂಟಿಕೊಳ್ಳಬೇಕು ಎಂಬ ಯೋಚನೆ ಗಟ್ಟಿಯಾದದ್ದು ಅಲ್ಲಿಂದ.

ನಮ್ಮ ಓದುಗರು ಎಡವುವುದು ಮುಂದಿನ ಪ್ರಶ್ನೆಯಲ್ಲಿ: ಈ ನಿರ್ದೇಶಕರನ್ನು ಯಾರು ‘ಹಾಕುತ್ತಾರೆ’? ನಮ್ಮಲ್ಲಿ ಜಿಲ್ಲಾ ಪಂಚಾಯಿತಿಯ ಸಿಇಒ ರಾಜ್ಯ ಸರ್ಕಾರದ ಆದೇಶದಿಂದ ಬರುತ್ತಾರೆ, ಇನ್ನೊಂದು ಆದೇಶದಿಂದ ಹೋಗುತ್ತಾರೆ. ಹಾಗಾಗಿ ಲಂಡನ್ನಿನ ಯಾವುದೋ ಸಚಿವಾಲಯ ಅಧಿಕಾರಿಗಳನ್ನು ಊರೂರಿಗೆ ಕಳಿಸುತ್ತದೆಂದು ಊಹಿಸಿಕೊಳ್ಳುತ್ತೇವೆ. ಅಲ್ಲಿ ಅಂಥ ಕೇಡರ್ ಇಲ್ಲ, ವರ್ಗಾವಣೆಯೂ ಇಲ್ಲ. ಕೌನ್ಸಿಲ್ಲೇ ಜಾಹೀರಾತು ಕೊಡುತ್ತದೆ, ಸಂಬಳ ಗೊತ್ತುಮಾಡುತ್ತದೆ, ಆರಿಸುತ್ತದೆ. ಒಂದು ಕೌನ್ಸಿಲ್ಲಿನ ನಿರ್ದೇಶಕರು ಇನ್ನೊಂದಕ್ಕೆ ಹೋಗಬೇಕಾದರೆ ಎಲ್ಲರಂತೆ ಅರ್ಜಿ ಹಾಕಬೇಕು.

ಆಯ್ಕೆಯಲ್ಲಿ ಚುನಾಯಿತ ಸದಸ್ಯರ ಪಾತ್ರವೇ ನನಗೆ ಬಲು ಪ್ರಿಯವಾದ ಭಾಗ. ಕೆಳಗಿನ ಹುದ್ದೆಗಳ ನೇಮಕಕ್ಕೆ ಅವರು ಕೈಹಾಕುವಂತಿಲ್ಲ. ಅದು ಮುಖ್ಯ ಕಾರ್ಯನಿರ್ವಾಹಕರ ಕೆಲಸ. ಆದರೆ ಮಕ್ಕಳ ನಿರ್ದೇಶಕರಂಥ ಉನ್ನತ ಹುದ್ದೆಗೆ ಸಾಮಾನ್ಯವಾಗಿ ಸದಸ್ಯರ ಸಮಿತಿಯೇ ಸಂದರ್ಶನ ಮಾಡುತ್ತದೆ. ನೇಮಕ ಅರ್ಹತೆಯಿಂದಲೇ ಆಗಬೇಕೆಂದು 1989ರ ಸ್ಥಳೀಯ ಸರ್ಕಾರ ಮತ್ತು ವಸತಿ ಕಾಯ್ದೆ ಅವರ ಕೈಯನ್ನೂ ಕಟ್ಟಿದೆ. ಅದೇ ಕಾಯ್ದೆಯಡಿ ಆಯ್ಕೆಯಾದವರು ಪಕ್ಷ ರಾಜಕೀಯದಿಂದ ದೂರ ಇರಬೇಕು. ಲೀಡರ್ ಮತ್ತು ಕ್ಯಾಬಿನೆಟ್ ಪದ್ಧತಿಯ ಕೌನ್ಸಿಲ್‌ಗಳಲ್ಲಿ ಇನ್ನೂ ಒಂದು ಹೆಜ್ಜೆಯಿದೆ. ಸ್ಥಳೀಯ ಸಂಸ್ಥೆಗಳ ಕುರಿತ 2001ರ ನಿಯಮಗಳ ಪ್ರಕಾರ, ಹುದ್ದೆ ಕೊಡುವ ಮೊದಲು ಅಭ್ಯರ್ಥಿಯ ಹೆಸರನ್ನು ಕ್ಯಾಬಿನೆಟ್ಟಿನ ಎಲ್ಲ ಸದಸ್ಯರಿಗೂ ತಿಳಿಸಬೇಕು. ಲೀಡರ್ ಆಕ್ಷೇಪ ಎತ್ತಿದರೆ ಅದರಲ್ಲಿ ಹುರುಳಿದೆಯೇ ಎಂದು ತೂಗಿನೋಡಬೇಕು. ಬರಿಯ ‘ನನಗೆ ಬೇಡ’ ಸಾಲದು. ಜನಪ್ರತಿನಿಧಿಗೆ ಮಾತಿದೆ, ಮನಬಂದಂತೆ ನಡೆಯುವ ಅಧಿಕಾರವಿಲ್ಲ. ಎಷ್ಟು ಹದವಾದ ಏರ್ಪಾಡು!

ಸದಸ್ಯರ ಸಮಿತಿಯ ಸಂದರ್ಶನಕ್ಕೆ ಮುಂಚೆ ಹಲವು ಕಡೆ ಇನ್ನೊಂದು ಸುತ್ತು ನಡೆಯುತ್ತದೆ. ಕೌನ್ಸಿಲ್ಲಿನ ಆರೈಕೆಯಲ್ಲಿ ಬೆಳೆದ ಹದಿಹರೆಯದವರು ಗುಂಪಾಗಿ ಕೂತು ಅಭ್ಯರ್ಥಿಗಳನ್ನು ಪ್ರಶ್ನಿಸುತ್ತಾರೆ. ಅಂತಿಮ ತೀರ್ಮಾನ ಅವರದಲ್ಲ. ಅಭಿಪ್ರಾಯ ಮಾತ್ರ ಸಮಿತಿಯ ಮುಂದೆ ಬರುತ್ತದೆ. ನನ್ನ ಮಟ್ಟಿಗೆ ಇದು ಔಪಚಾರಿಕತೆಯಲ್ಲ. ಬಜೆಟ್ಟಿನ ಬಗ್ಗೆ ನಿರರ್ಗಳವಾಗಿ ಮಾತಾಡುವವರು, ಮೂರು ಮನೆ ಬದಲಿಸಿದ ಹುಡುಗಿಯ ಮುಂದೆ ಹೇಗೆ ಕೂರುತ್ತಾರೆ ಎಂಬುದನ್ನು ಯಾವ ಅರ್ಜಿಯೂ ಹೇಳಲಾರದು.

ನಿರ್ದೇಶಕರು ಸಮಾಜಕಾರ್ಯ ಕಲಿತವರೇ ಆಗಿರಬೇಕೆಂಬ ನಂಬಿಕೆಯೂ ತಪ್ಪು. ಕಾನೂನು ಹಾಗೆನ್ನುವುದಿಲ್ಲ, ಶಿಕ್ಷಣ ಕ್ಷೇತ್ರದಿಂದ ಬಂದವರೂ ಇದ್ದಾರೆ.

ಒಳ್ಳೆಯವರು ಸಿಗುವುದು ಮಾತ್ರ ಕಷ್ಟ. 2007ರಲ್ಲಿ ಹ್ಯಾರಿಂಗೇ ಬರೋದಲ್ಲಿ ಪೀಟರ್ ಎಂಬ ಹಸುಳೆ ಹಿಂಸೆಯಿಂದ ಸತ್ತಾಗ ದೇಶವೇ ಕೆರಳಿತು. 2008ರ ಡಿಸೆಂಬರಿನಲ್ಲಿ ಮಂತ್ರಿ ಎಡ್ ಬಾಲ್ಸ್, ಅಲ್ಲಿನ ನಿರ್ದೇಶಕಿ ಶರನ್ ಶೂಸ್ಮಿತ್ ಅವರನ್ನು ಹುದ್ದೆಯಿಂದ ತೆಗೆಯುವುದಾಗಿ ಪತ್ರಿಕಾಗೋಷ್ಠಿಯಲ್ಲಿ ಘೋಷಿಸಿದರು. ತೆಗೆದ ರೀತಿ ನ್ಯಾಯವಲ್ಲವೆಂದು 2011ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ಉತ್ತರ ಕೊಡುವವರು ಒಬ್ಬರಿರಬೇಕು, ನಿಜ. ಅವರ ಮಾತು ಕೇಳದೆ ದಂಡಿಸಿದರೆ ಮುಂದಿನ ಜಾಹೀರಾತಿಗೆ ಅರ್ಜಿ ಹಾಕಲು ಸಮರ್ಥರು ಹಿಂಜರಿಯುತ್ತಾರೆ. ಆ ಖಾಲಿ ಜಾಗದಲ್ಲಿ ತಾತ್ಕಾಲಿಕ ನಿರ್ದೇಶಕರು ಬಂದು ಹೋಗುತ್ತಿರುತ್ತಾರೆ. ಸೇವೆ ನೆಲೆ ನಿಲ್ಲುವುದಿಲ್ಲ.

ಆಡಳಿತಶಾಸ್ತ್ರ ಓದುವ ನಮ್ಮ ವಿದ್ಯಾರ್ಥಿಗಳು ಲೇಮಿಂಗ್ ವರದಿಯನ್ನು ದಯವಿಟ್ಟು ಓದಬೇಕು. ಓದಿದ ಮೇಲೆ ನಿಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ, ಅದರ ಮುಖ್ಯಸ್ಥರನ್ನು ಯಾರು, ಹೇಗೆ ಆರಿಸಿದರು, ಅವರು ಯಾರಿಗೆ ಉತ್ತರ ಕೊಡುತ್ತಾರೆ ಎಂದು ವಿಚಾರಿಸಿ, ಬರೆದಿಡಿ. ಕನ್ನಡದಲ್ಲಿ ಅಂಥ ಅಧ್ಯಯನ ತುರ್ತಾಗಿ ಬೇಕಾಗಿದೆ.