ಯೋಹಾನನೇ ಬರೆದದ್ದಾ?

ಹೆಬ್ಬಾಳ ಬಸ್ ಸ್ಟಾಪ್‌ನಲ್ಲಿ ಯಾರೋ ಕೈಗಿಟ್ಟ ಪುಟ್ಟ ಪುಸ್ತಕದ ಮೇಲೆ ‘ಯೋಹಾನನು ಬರೆದ ಸುವಾರ್ತೆ’ ಅಂತಿತ್ತು. ಗ್ರೀಕ್ ಶೀರ್ಷಿಕೆ ಹೇಳೋದು ‘ಯೋಹಾನನ ಪ್ರಕಾರ’ ಅಂತಷ್ಟೇ. ಒಳಗೆ ಲೇಖಕನ ಹೆಸರಿಲ್ಲ. 21ನೇ ಅಧ್ಯಾಯ ಯೇಸುವಿನ ಆಪ್ತ ಶಿಷ್ಯನೊಬ್ಬನನ್ನು ತೋರಿಸಿ, ಅವನ ಸಾಕ್ಷಿ ನಿಜವೆಂದು ‘ನಾವು’ ಬಲ್ಲೆವು ಅನ್ನುತ್ತೆ. ಈ ‘ನಾವು’ ಒಂದು ಸಮುದಾಯ, ಕಾಲ ಕ್ರಿ.ಶ. 90–100ರ ಆಸುಪಾಸು ಅಂತಾರೆ ಬಹಳಷ್ಟು ವಿದ್ವಾಂಸರು.

ಮೊದಲ 12 ಅಧ್ಯಾಯಗಳಲ್ಲಿ ಏಳು ಅದ್ಭುತಗಳು, 13ರಿಂದ ಕಡೆಯ ಊಟ, ಶಿಲುಬೆ, ಪುನರುತ್ಥಾನ. ಉದ್ದಕ್ಕೂ ಬೆಳಕು-ಕತ್ತಲಿನ ರೂಪಕ. 9ನೇ ಅಧ್ಯಾಯದಲ್ಲಿ ದೃಷ್ಟಿ ಪಡೆದ ಕುರುಡನನ್ನೇ ಹೊರಹಾಕ್ತಾರೆ. ಅದು ಬರೆದವರದೇ ಕಥೆ ಅನ್ನೋ ವಾದವೂ ಇದೆ.

ಅವರೂ ಯೆಹೂದ್ಯರೇ, ಸಿಟ್ಟು ಮನೆಯೊಳಗಿನದು. ಆದರೆ ಮುಂದೆ ಬಹುಸಂಖ್ಯಾತರಾದ ಕ್ರೈಸ್ತರ ಕೈಯಲ್ಲಿ ಅದೇ ಮಾತು ಯೆಹೂದ್ಯರ ವಿರುದ್ಧ ಆಯುಧವಾಯ್ತು. ‘ಯಾರು ಬರೆದರು’ ಅಂತ ಕೇಳಲೇಬೇಕಾದ್ದು ಅದಕ್ಕೇ.