ಹೊಸ ಜಾವಾದ ಮೊದಲ ಎಣ್ಣೆ

1961ರಲ್ಲಿ ಮೈಸೂರಿನ ಯಾದವಗಿರಿಯ ಕಾರ್ಖಾನೆಯಿಂದ ಜಾವಾ ಮೋಟಾರು ಸೈಕಲ್ಲುಗಳು ಹೊರಬರತೊಡಗಿದವು. ಕೊಂಡವನಿಗೆ ಅಂದೇ ಚಾಮುಂಡಿ ಬೆಟ್ಟವನ್ನು ಏರಿಬಿಡುವ ಆತುರವಾದರೆ ಆಶ್ಚರ್ಯವೇನು? ಆದರೆ ಹೊಸ ಎಂಜಿನ್ನು ಹೊಸ ಜೋಡಿನಂತೆ, ಒಗ್ಗುವವರೆಗೆ ಕಚ್ಚುತ್ತದೆ. ಪಿಸ್ಟನ್ನೂ ಸಿಲಿಂಡರೂ ಕಣ್ಣಿಗೆ ನುಣುಪಾಗಿ ತೋರಿದರೂ ಅವುಗಳಲ್ಲಿ ಸೂಕ್ಷ್ಮವಾದ ಉಬ್ಬುತಗ್ಗುಗಳಿರುತ್ತವೆ. ಅವು ಸವೆದು ಹೊಂದಿಕೊಳ್ಳುವ ಮುನ್ನವೇ ವೇಗವನ್ನು ಹೆಚ್ಚಿಸಿದರೆ, ಕಾದ ಪಿಸ್ಟನ್ನು ಹಿಗ್ಗಿ ಸಿಕ್ಕಿಕೊಳ್ಳುತ್ತದೆ. ಹಿಂದಿನ ಚಕ್ರವು ತಟಕ್ಕನೆ ನಿಂತು ಸವಾರನು ಉರುಳುವುದೂ ಉಂಟು.

ಟೂ ಸ್ಟ್ರೋಕ್ ಎಂಜಿನ್ನಾದುದರಿಂದ ಅದಕ್ಕೆ ಬೇಕಾದ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸಬೇಕು. ಗೇರುಪೆಟ್ಟಿಗೆಯ ಎಣ್ಣೆ ಬೇರೆ. ಮೊದಲ ಸರ್ವಿಸಿನಲ್ಲಿ ಅದನ್ನು ಬೆಚ್ಚಗಿರುವಾಗಲೇ ಬಸಿದು ಬಟ್ಟಲಲ್ಲಿ ಹಿಡಿದರೆ, ಬೆಳಕಿಗೆ ಲೋಹದ ಪುಡಿ ಮಿನುಗುವುದನ್ನು ಕಾಣಬಹುದು. ಹೊಸ ಹಲ್ಲುಚಕ್ರಗಳು ಸವೆದ ಪುಡಿಯದು. ಒಳಗೆಯೇ ಉಳಿದರೆ ಮರಳಿನಂತೆ ಅರೆಯುತ್ತದೆ. ಜಿಪುಣತನಕ್ಕೆ ಇದು ಸ್ಥಳವಲ್ಲ. ಹೊಸ ಚೈನು ಸಡಿಲವಾಗುವುದು ಸಹಜ. ಅದನ್ನು ಬಿಗಿಯುವಾಗ ಚಕ್ರದ ಕಡ್ಡಿಗಳನ್ನೂ ಒಮ್ಮೆ ತಟ್ಟಿ ನೋಡಬೇಕು.