ಮರೆವಿಗೂ ಮೊದಲೇ ಬದಲಾಗುವ ಮಿದುಳು

ಅರವತ್ತಕ್ಕೆ ಅರಳು ಮರಳು ಎನ್ನುವುದು ನಮ್ಮ ಕಡೆಯ ಮಾತು. ನಾನೀಗ ಇರುವ ಹೌರಾದಲ್ಲಿ ವಯಸ್ಸಾದವರ ಬುದ್ಧಿ ಮಂಕಾದರೆ ‘ಭೀಮರತಿ’ ಹಿಡಿಯಿತು ಎನ್ನುತ್ತಾರೆ. ಎರಡೂ ಭಾಷೆಗಳು ಈ ಕಾಯಿಲೆಯನ್ನು ಮುಪ್ಪಿನ ಖಾತೆಗೆ ಬರೆದುಬಿಟ್ಟಿವೆ.

ದಾವಣಗೆರೆಯ ನನ್ನ ಸೋದರಮಾವನಿಗೆ ಅದು ಶುರುವಾದಾಗ ವಯಸ್ಸು 53. ಮರೆವು ಇರಲೇ ಇಲ್ಲ. ಸಾವಿನ ಮನೆಯಲ್ಲಿ ನಗುತ್ತಿದ್ದರು. ಬೆಲ್ಲದ ಡಬ್ಬಿಯನ್ನು ಕೂತಲ್ಲೇ ಖಾಲಿ ಮಾಡುತ್ತಿದ್ದರು. ಅತ್ತೆ ಜ್ವರದಿಂದ ಮಲಗಿದ್ದರೂ ‘ಹೇಗಿದ್ದೀಯ’ ಎಂದು ಕೇಳುತ್ತಿರಲಿಲ್ಲ. ಎರಡು ವರ್ಷ ಖಿನ್ನತೆಯ ಮಾತ್ರೆ ನುಂಗಿದ ಮೇಲೆ ಬೆಂಗಳೂರಿನಲ್ಲಿ ಎಂಆರ್‌ಐ ಆಯಿತು. ಹಣೆಯ ಹಿಂದಿನ ಮತ್ತು ಕಿವಿಯ ಪಕ್ಕದ ಮಿದುಳು ಕುಗ್ಗಿತ್ತು. ಫ್ರಂಟೋಟೆಂಪೊರಲ್ ಡಿಮೆನ್ಷಿಯಾ ಎಂದರು. ಅಜ್ಜನೂ ಐವತ್ತೈದರ ಸುಮಾರಿಗೆ ಹೀಗೇ ಆಗಿದ್ದರು ಎಂದು ಅಮ್ಮ ಹೇಳಿದಾಗ, ವೈದ್ಯರು ವಂಶವೃಕ್ಷ ಬರೆಯಲು ಹೊಸ ಹಾಳೆ ತೆಗೆದರು.

ಎಲ್ಲ ಡಿಮೆನ್ಷಿಯಾವೂ ಹೀಗೆ ನೇರವಾಗಿ ಮನೆತನದಲ್ಲಿ ಇಳಿದು ಬರುವುದಿಲ್ಲ. ಅಲ್ಝೈಮರ್ ರೋಗಿಗಳಲ್ಲಿ ಒಂದೇ ವಂಶವಾಹಿಯ ದೋಷದಿಂದ ಕಾಯಿಲೆ ಬಂದವರು ಶೇ 1ಕ್ಕಿಂತ ಕಡಿಮೆ. ಎಪಿಪಿ, ಪಿಎಸ್‌ಇಎನ್1, ಪಿಎಸ್‌ಇಎನ್2 ಆ ವಂಶವಾಹಿಗಳು. ಫ್ರಂಟೋಟೆಂಪೊರಲ್ ಬಗೆಯಲ್ಲಿ ಈ ಪಾಲು ಹೆಚ್ಚು. ಅಲ್ಲಿನ ಮುಖ್ಯ ಮೂರು ಎಂಎಪಿಟಿ, ಜಿಆರ್‌ಎನ್ ಮತ್ತು ಸಿ9ಓಆರ್‌ಎಫ್72. ತಂದೆ ಅಥವಾ ತಾಯಿಯಲ್ಲಿ ದೋಷವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಶೇ 50. ನಾಣ್ಯ ಪ್ರತಿ ಸಲವೂ ಹೊಸದಾಗಿ ಚಿಮ್ಮುತ್ತದೆ. ಅಣ್ಣನಿಗೆ ಬಂತೆಂದು ತಂಗಿಗೆ ತಪ್ಪುವುದಿಲ್ಲ.

ಹಾನಿ ಎಷ್ಟು ಮೌನವಾಗಿ ನಡೆಯುತ್ತದೆ ಎಂಬುದಕ್ಕೆ ನಮ್ಮ ಹೌರಾ ಸೇತುವೆಯೇ ಉದಾಹರಣೆ. ಪಾನ್ ಉಗುಳಿನಿಂದ ಅದರ ಕಂಬಗಳ ಬುಡದ ಉಕ್ಕಿನ ಹೊದಿಕೆ 6 ಮಿ.ಮೀ.ನಿಂದ 3 ಮಿ.ಮೀ.ಗೆ ಸವೆದಿದೆ ಎಂದು 2011ರಲ್ಲಿ ಗೊತ್ತಾಯಿತು. ಅಳತೆ ಮಾಡುವ ತನಕ ದಾಟುವ ಯಾರಿಗೂ ಅದರ ಅರಿವಿರಲಿಲ್ಲ. ಮಿದುಳಿನದೂ ಇದೇ ಕಥೆ. ಆನುವಂಶಿಕ ಅಲ್ಝೈಮರ್ ಇರುವ ಕುಟುಂಬಗಳ ಬಗ್ಗೆ 2012ರಲ್ಲಿ ಪ್ರಕಟವಾದ ‘ಡಿಯಾನ್’ ಅಧ್ಯಯನ ಒಂದು ಕಾಲಪಟ್ಟಿಯನ್ನೇ ಕೊಟ್ಟಿತು. ಲಕ್ಷಣ ಕಾಣುವ ಸುಮಾರು 25 ವರ್ಷ ಮೊದಲೇ ಬೆನ್ನುಹುರಿ ದ್ರವದಲ್ಲಿ ಅಮಿಲಾಯ್ಡ್ ಪ್ರಮಾಣ ಇಳಿಯತೊಡಗುತ್ತದೆ. 15 ವರ್ಷ ಮೊದಲು ಅದು ಮಿದುಳಿನಲ್ಲಿ ಜಮೆಯಾಗಿರುವುದು ಸ್ಕ್ಯಾನ್‌ನಲ್ಲಿ ಕಾಣುತ್ತದೆ, ಮಿದುಳು ಕುಗ್ಗುವುದೂ ಆರಂಭವಾಗಿರುತ್ತದೆ. ಮಾವನ ಬಗೆಯ ಕಾಯಿಲೆಗೆ ‘ಜೆನ್‌ಫಿ’ ಅಧ್ಯಯನವಿದೆ. 2015ರ ಅದರ ವರದಿಯ ಪ್ರಕಾರ ಎಂಆರ್‌ಐನಲ್ಲಿ ಬದಲಾವಣೆ ಕಾಣುವುದು ಕನಿಷ್ಠ 10 ವರ್ಷ ಮೊದಲು, ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಸುಮಾರು 5 ವರ್ಷ ಮೊದಲು.

ಒಂದೊಂದು ವಂಶವಾಹಿಯ ಗುರುತೂ ಬೇರೆ. ಎಂಎಪಿಟಿ ದೋಷವಿದ್ದರೆ ಟೆಂಪೊರಲ್ ಹಾಲೆಯ ಮುಂಭಾಗ ಮತ್ತು ಒಳಭಾಗ ಮೊದಲು ಸೊರಗುತ್ತವೆ. ಸಿ9ಓಆರ್‌ಎಫ್72ರಲ್ಲಿ ಸವೆತ ಥಲಾಮಸ್, ಕಿರುಮಿದುಳಿನವರೆಗೂ ಹರಡುತ್ತದೆ. ಜಿಆರ್‌ಎನ್‌ನಲ್ಲಿ ಸಾಮಾನ್ಯವಾಗಿ ಒಂದು ಬದಿ ಇನ್ನೊಂದಕ್ಕಿಂತ ಹೆಚ್ಚು ಕುಗ್ಗುತ್ತದೆ. ಮಾವನ ಸ್ಕ್ಯಾನ್‌ನಲ್ಲಿ ಬಲಭಾಗ ಹೆಚ್ಚು ಬರಿದಾಗಿತ್ತು. ರಕ್ತಪರೀಕ್ಷೆ ಅದನ್ನೇ ಹೇಳಿತು: ಜಿಆರ್‌ಎನ್. ಇದರ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೆ ಪ್ರೋಗ್ರಾನುಲಿನ್ ಎಂಬ ಪ್ರೋಟೀನ್ ಸುಮಾರು ಅರ್ಧಕ್ಕೆ ಇಳಿದು, ನರಕೋಶಗಳಲ್ಲಿ ಟಿಡಿಪಿ-43 ಎಂಬ ಇನ್ನೊಂದು ಪ್ರೋಟೀನ್ ಗಂಟುಕಟ್ಟುತ್ತದೆ.

ಇಲ್ಲಿಂದ ಲೆಕ್ಕ ನಮ್ಮ ಮನೆಯೊಳಗೆ ಬಂತು. ಅಮ್ಮನಿಗೆ 61, ಗಟ್ಟಿಮುಟ್ಟಾಗಿದ್ದಾಳೆ. ಆದರೆ ಒಡಹುಟ್ಟಿದವರಲ್ಲೂ ಈ ಕಾಯಿಲೆ ಕಾಣಿಸಿಕೊಳ್ಳುವ ವಯಸ್ಸು ಹತ್ತಾರು ವರ್ಷ ಆಚೀಚೆ ಆಗಬಹುದು. ಹಾಗಾಗಿ ಅವಳು ಪಾರಾದಳು ಎನ್ನಲಾಗದು. ನನಗೆ 36. ಸಾಫ್ಟ್‌ವೇರ್‌ನವನ ಬುದ್ಧಿ ತಕ್ಷಣ ಪರೀಕ್ಷೆ ಮಾಡಿಸು ಎಂದಿತು. ಆದರೆ ನನ್ನ ಫಲಿತಾಂಶ ‘ಇದೆ’ ಎಂದು ಬಂದರೆ ಅದು ಅಮ್ಮನ ಫಲಿತಾಂಶವೂ ಹೌದು. ನನಗೆ ಅದು ಅವಳಿಂದಲೇ ಬರಬೇಕು. ಫೋನಿನಲ್ಲಿ ಕೇಳಿದೆ. “ಗೊತ್ತಾದ್ರೆ ನಾಳೆ ತುಳಸಿಗೆ ನೀರು ಹಾಕೋದು ಬಿಡ್ತೀನಾ? ನಂಗೆ ಬೇಡಪ್ಪ” ಎಂದಳು. ತಿಳಿಯದೆ ಇರುವ ಹಕ್ಕೂ ಒಂದು ಹಕ್ಕು ಎಂದು ಕೌನ್ಸೆಲರ್ ವಿವರಿಸಿದ್ದು ಆಗ ಅರ್ಥವಾಯಿತು. ಕಾಯಿಲೆಯನ್ನು ತಡೆಯುವ ಔಷಧ ಇನ್ನೂ ಬಂದಿಲ್ಲದ ಕಾರಣ ಅವಳ ಮಾತಿಗೆ ತೂಕವೂ ಇದೆ. ಸದ್ಯಕ್ಕೆ ನಾನು ಪರೀಕ್ಷೆ ಮಾಡಿಸುವುದಿಲ್ಲ.

ಮಾವನ ಮಗಳು ಮಾತ್ರ ಮಾಡಿಸಲು ತೀರ್ಮಾನಿಸಿದ್ದಾಳೆ. ಅವಳಿಗೆ ಮದುವೆ, ಮಕ್ಕಳ ಪ್ರಶ್ನೆಯಿದೆ. ಅಪ್ಪನ ವರದಿ ಕೈಯಲ್ಲಿರುವುದರಿಂದ ಏನನ್ನು ಹುಡುಕಬೇಕೆಂಬುದೂ ಸ್ಪಷ್ಟ. ಇಂಥ ಮನೆಗಳಿಗೆ ನಾನು ಹೇಳಬಹುದಾದದ್ದು ಇದೇ: ಪರೀಕ್ಷೆ ಕಾಯಿಲೆ ಇರುವವರಿಂದ ಶುರುವಾಗಬೇಕು, ಆರೋಗ್ಯವಂತರಿಂದಲ್ಲ. ಅವರು ಬದುಕಿರುವಾಗಲೇ ರಕ್ತದ ಮಾದರಿ ತೆಗೆಸಿ ಡಿಎನ್‌ಎ ಉಳಿಸಿಡಬಹುದು. ಅದಿಲ್ಲದೆ ಆರೋಗ್ಯವಂತನೊಬ್ಬನ ವರದಿ ‘ಏನೂ ಕಾಣಲಿಲ್ಲ’ ಎಂದರೆ ದೋಷ ಇಲ್ಲವೋ, ಹುಡುಕಿದ ಜಾಗವೇ ತಪ್ಪೋ ಹೇಳುವುದು ಕಷ್ಟ. ಪರೀಕ್ಷೆಗೆ ಮೊದಲೂ ನಂತರವೂ ಜೆನೆಟಿಕ್ ಕೌನ್ಸೆಲಿಂಗ್ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆ ಸೌಲಭ್ಯವಿದೆ. ಮಕ್ಕಳಿಗೆ ಪರೀಕ್ಷೆ ಬೇಡ, ದೊಡ್ಡವರಾದ ಮೇಲೆ ಅವರೇ ನಿರ್ಧರಿಸಲಿ.

ಇಷ್ಟೆಲ್ಲದರಲ್ಲಿ ಅತ್ತೆಗೆ ಸಿಕ್ಕ ಸಮಾಧಾನ ಬೇರೆಯೇ. ತನ್ನ ಗಂಡ ಕಲ್ಲುಮನಸ್ಸಿನವನಾದ ಎಂದು ನೊಂದಿದ್ದವರಿಗೆ ವೈದ್ಯರು ಸ್ಕ್ಯಾನ್‌ನ ಬಲಬದಿ ತೋರಿಸಿ, ಇನ್ನೊಬ್ಬರ ನೋವು ಅರಿಯುವ ಜಾಗ ಇದು ಎಂದಿದ್ದರು. ಆಮೇಲೆ ಅತ್ತೆ ಮಾವನನ್ನು ಬೈದಿಲ್ಲ. ಬೆಲ್ಲದ ಡಬ್ಬಿಯನ್ನು ಮಾತ್ರ ಅಟ್ಟದ ಮೇಲೆ ಇಟ್ಟಿದ್ದಾರೆ.